ಡೈರೆಕ್ಟರ್ ಸಾಹೇಬರ ಓಕೆ

ನಮ್ಮ ಕಾಲೇಜಿನಲ್ಲಿ ಡೈರೆಕ್ಟರ ಓಕೆ ಇಲ್ಲದೆ ಬೋರ್‌ವೆಲ್ ಮೋಟರ್ ಕೂಡ ಶುರುವಾಗುತ್ತಿರಲಿಲ್ಲ. ಬರೀ ಮಾತಿಗೆ ಹೇಳುತ್ತಿಲ್ಲ. ಮೋಟರಿನ ಸ್ವಿಚ್ಚಿಗೊಂದು ಕಬ್ಬಿಣದ ಡಬ್ಬಿ, ಡಬ್ಬಿಗೊಂದು ಬೀಗ, ಬೀಗದ ಕೈ ಡೈರೆಕ್ಟರ್ ಭೈರೇಶ್ ಅವರ ಡ್ರಾಯರಿನಲ್ಲಿ. ಅವರು ಬಸವೇಶ್ವರನಗರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಊಟ ಮುಗಿಸಿ ಬರುವ ತನಕ ಹೆಂಗಸರ ಟಾಯ್ಲೆಟ್ಟಿನಲ್ಲಿ ನೀರಿಲ್ಲ. ಸೀಮೆಸುಣ್ಣ ಬೇಕಾದರೂ ಅರ್ಜಿ ಬರೆದು ಹಸಿರು ಶಾಯಿಯಲ್ಲಿ ಓಕೆ ಹಾಕಿಸಿಕೊಳ್ಳಬೇಕು. ನಮ್ಮ ಮಾವನವರ ತಿಥಿಗೆಂದು ನಾನು ಕೇಳಿದ್ದ ರಜೆಗೆ ಓಕೆ ಬಂದದ್ದು ವರ್ಷಾಬ್ದಿಕದ ಹೊತ್ತಿಗೆ. ಹೋಗಲಿ, ಅದಕ್ಕಾದರೂ ಬಂತಲ್ಲ ಅಂತ ಆ ರಜೆಯನ್ನೇ ಉಪಯೋಗಿಸಿಕೊಂಡೆ.

ಕೆಂಗೇರಿಗೆ ಸ್ವಲ್ಪ ಈಚೆ, ಮೈಸೂರು ರಸ್ತೆಯಿಂದ ಒಳಕ್ಕೆ, ಕೆಂಚಪ್ಪನವರು ತಮ್ಮ ರಾಗಿ ಹೊಲದಲ್ಲಿ ಕಟ್ಟಿಸಿದ ಇಂಜಿನಿಯರಿಂಗ್ ಕಾಲೇಜು ನಮ್ಮದು. ಹೊಲದ ಅಂಚಿನಲ್ಲಿದ್ದ ಹಳ್ಳವೂ ಕಾಲಕ್ರಮೇಣ ಕಾಂಪೌಂಡಿನೊಳಗೆ ಬಂದು, ಮೇಲೆ ಮಣ್ಣು ಬಿದ್ದು, ಕೊನೆಗೆ ಕಂಪ್ಯೂಟರ್ ವಿಭಾಗವಾಯಿತು. ಕೆಂಚಪ್ಪನವರು ಅಧ್ಯಕ್ಷರು. ಅವರು ಹೆಚ್ಚಾಗಿ ಪೇಟ ಸುತ್ತಿಕೊಂಡು ಗೋಡೆಯ ಮೇಲಿನ ಫೋಟೋದಲ್ಲಿ ಇರುತ್ತಿದ್ದರು. ಕಾಲೇಜು ನಡೆಸುತ್ತಿದ್ದವರು ಮಗ ಭೈರೇಶ್. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಎಲ್ಲರಿಗೂ ಮೈಸೂರುಪಾಕು ಕೊಡುತ್ತಿದ್ದರು. ಆದರೆ ತಾನು ಕೈಯಾಡಿಸದೆ ಒಂದು ಕೆಲಸ ಆಗಿಬಿಟ್ಟಿತು ಅಂದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ.

ನಾನು ಕಲಾವತಿ. ಹಳ್ಳದ ಮೇಲಿನ ಆ ಕಂಪ್ಯೂಟರ್ ವಿಭಾಗದಲ್ಲಿ ಸಿ ಭಾಷೆ ಕಲಿಸಿ ಕಲಿಸಿ ಸಾಕಾಗಿದ್ದವಳು. ಎರಡು ಸಾವಿರದ ಏಳನೇ ಇಸವಿಯಲ್ಲಿ ಶಿಲ್ಪಾ ನನ್ನ ಪಕ್ಕದ ಕುರ್ಚಿಗೆ ಬಂದಳು. ಬಾಗಲಕೋಟೆ ಕಡೆಯ ಹುಡುಗಿ, ಮಾರೇನಹಳ್ಳಿಯಲ್ಲೊಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ ಇದ್ದಳು. ತಾತ್ಕಾಲಿಕ ನೇಮಕ. ಬಂದ ವಾರದಲ್ಲೇ ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರುಗಳನ್ನೆಲ್ಲ ಒರೆಸಿ, ವೈರು ಎಳೆದು, ಒಂದಕ್ಕೊಂದು ಜೋಡಿಸತೊಡಗಿದಳು.

"ಏನಮ್ಮ ಇದು, ಗುಜರಿಗೆ ಹಾಕೋಕಾ?" ಅಂತ ಕೇಳಿದೆ.

"ಅಲ್ರೀ ಮೇಡಂ. ಒಂದ ಕೆಲಸ, ಎಲ್ಲಾ ಕೂಡಿ ಮಾಡ್ಬೇಕು. ಹಂಗ ಮಾಡಾಕತ್ತೀನಿ."

ಅವಳು ಮಾಡುತ್ತಿದ್ದದ್ದು ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಹತ್ತಾರು ಕಂಪ್ಯೂಟರುಗಳು ಏಕಕಾಲಕ್ಕೆ ಒಂದೇ ಕೆಲಸ ಮಾಡಬೇಕಾದರೆ, ಯಾವ ತುಂಡು ಯಾರಿಗೆ, ಯಾರದು ಮುಗಿಯಿತು, ಯಾರಿಗಾಗಿ ಕಾಯಬೇಕು ಅನ್ನುವುದನ್ನೆಲ್ಲ ನೋಡಿಕೊಳ್ಳುವ ಒಂದು ವ್ಯವಸ್ಥೆ ಅಡಿಯಲ್ಲಿ ಓಡುತ್ತಿರಬೇಕು. ಅದಕ್ಕೆ ರನ್‌ಟೈಮ್ ಅನ್ನುತ್ತಾರೆ. ಮದುವೆ ಮನೆಯ ಅಡುಗೆ ಭಟ್ಟರ ಹಾಗೆ ಅದು ಹಿತ್ತಲಲ್ಲೇ ಇರುತ್ತದೆ, ಆದರೆ ಅದಿಲ್ಲದೆ ಎಲೆಗೆ ಏನೂ ಬೀಳುವುದಿಲ್ಲ. ಅದರ ಜೊತೆ ವ್ಯವಹರಿಸಬೇಕಾದರೆ ನನ್ನ ಸಿ ಭಾಷೆಯಲ್ಲಿ ಪುಟಗಟ್ಟಲೆ ಬರೆಯಬೇಕು. ಒಂದು ಕಡೆ ತಪ್ಪಿದರೆ ಎಲ್ಲ ಯಂತ್ರಗಳೂ ಒಂದನ್ನೊಂದು ಕಾಯುತ್ತ ಕಲ್ಲಿನ ಹಾಗೆ ಕೂತುಬಿಡುತ್ತವೆ. ಇನ್ನೊಂದು ಕಡೆ ಪೈಥಾನ್‌ನಂಥ ಉನ್ನತ ಮಟ್ಟದ ಭಾಷೆಯಿದೆ. ಅದರಲ್ಲಿ ಹುಡುಗರು ನಾಲ್ಕು ಸಾಲು ಬರೆದರೆ ಮುಗಿಯಿತು. ಆದರೆ ಅದು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವ ನಿಧಾನಸ್ಥ. ಶಿಲ್ಪಾ ಇವೆರಡನ್ನೂ ಜೋಡಿಸಿದ್ದಳು. ಮೇಲೆ ನಾಲ್ಕು ಸಾಲಿನ ಸುಲಭದ ಭಾಷೆ, ಅಡಿಯಲ್ಲಿ ಎಲ್ಲ ಯಂತ್ರಗಳನ್ನೂ ದುಡಿಸುವ ರನ್‌ಟೈಮ್, ನಡುವೆ ಇವಳು ಬರೆದ ಸೇತುವೆ.

ಅದು ನಿಜಕ್ಕೂ ಕೆಲಸ ಮಾಡುತ್ತದೆಂದು ತೋರಿಸುವುದಕ್ಕೆ ಅವಳು ನಮ್ಮ ಭಾಗದ ಮಳೆಯನ್ನೇ ಆರಿಸಿಕೊಂಡಳು. ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಕ್ಷೆ. ದೊಡ್ಡ ಮಳೆ ಬಿದ್ದರೆ ನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿ, ನಿಲ್ಲುವ ಕಡೆಯೆಲ್ಲ ನೀಲಿ ಬಣ್ಣ, ಉಳಿದ ಕಡೆ ಹಸಿರು, ಬೂದು ತುಂಬುವುದು. ನಕ್ಷೆಯ ಮೇಲಿನ ಸಾಲಿನ ಲೆಕ್ಕ ಮುಗಿಯದೆ ಕೆಳಗಿನ ಸಾಲಿಗೆ ಎಷ್ಟು ನೀರು ಬರುತ್ತದೆಂದು ಗೊತ್ತಾಗುವುದಿಲ್ಲವಾದ್ದರಿಂದ, ಒಂದೊಂದು ಸಾಲನ್ನೂ ಎಲ್ಲ ಯಂತ್ರಗಳಿಗೆ ಹಂಚಿ, ಎಲ್ಲವೂ ಮುಗಿಸಿದ ಮೇಲೆ ಮುಂದಿನ ಸಾಲು.

"ಪಂಕ್ತಿ ಊಟ ಇದ್ದಂಗ್ರೀ ಮೇಡಂ," ಅಂದಳು. "ಎಲ್ಲಾರ್ದೂ ಮುಗಿಯೂತನಕ ಯಾರೂ ಏಳೂದಿಲ್ಲ. ಎದ್ದಕೂಡ್ಲೆ ಮುಂದಿನ ಪಂಕ್ತಿ."

ವಿಭಾಗದ ಮುಖ್ಯಸ್ಥರು ಚನ್ನಕೇಶವ. ನಿವೃತ್ತಿಯ ಅಂಚಿನಲ್ಲಿದ್ದ ಅವರಿಗೆ ಯಾವ ತಂಟೆಯೂ ಬೇಡ. ಆದರೆ ಆ ವರ್ಷ ಕಾಲೇಜು ಸಂಶೋಧನಾ ಕೇಂದ್ರಕ್ಕೆ ಅರ್ಜಿ ಹಾಕಿತ್ತು. ಪರಿಶೀಲನೆಗೆ ಸಮಿತಿ ಬರುವುದಿತ್ತು, ತೋರಿಸುವುದಕ್ಕೆ ಸಂಶೋಧನೆ ಅನ್ನುವ ಪದಾರ್ಥ ಮಾತ್ರ ಕಾಲೇಜಿನಲ್ಲಿರಲಿಲ್ಲ. ಚನ್ನಕೇಶವರು ಶಿಲ್ಪಾಳ ಲ್ಯಾಬಿಗೆ ಬಂದು, ಮಾನಿಟರಿನಲ್ಲಿ ನೀಲಿ ಬಣ್ಣ ಇಳಿದು ಬರುವುದನ್ನು ನೋಡಿ, "ಬಚಾವಾದ್ವಿ" ಅಂದರು. ಸಮಿತಿ ಮೆಚ್ಚಿದರೆ ಕೇಂದ್ರ ಬರುತ್ತದೆ, ಶಿಲ್ಪಾಳ ಕೆಲಸ ಖಾಯಂ, ಅಲ್ಲೇ ಪಿಎಚ್‌ಡಿಗೆ ನೋಂದಣಿ. ಮೆಚ್ಚದಿದ್ದರೆ ಬೇಸಿಗೆಗೆ ನೇಮಕದ ಅವಧಿ ಮುಗಿಯುತ್ತದೆ, ಈ ಯಂತ್ರಗಳು ಗುಜರಿಗೆ ಹೋಗುತ್ತವೆ. ಅವಳಿಗೆ ಕೆಲಸಕ್ಕಿಂತ ಯಂತ್ರಗಳದ್ದೇ ಚಿಂತೆ. "ಒಮ್ಮೆ ಪೂರ್ತಿ ನಕ್ಷೆ ಎಲ್ಲಾರ ಮುಂದ ಬರ್ಬೇಕ್ರೀ, ಮೇಲಿಂದ ಕೆಳಗಿನ ತನಕ. ಅಷ್ಟಾದ್ರ ಸಾಕು ನನಗ," ಅನ್ನುತ್ತಿದ್ದಳು.

ಈ ಹಂತದಲ್ಲಿ ವಿಷಯ ಡೈರೆಕ್ಟರ ಕಿವಿಗೆ ಬಿತ್ತು.

ಭೈರೇಶ್ ಲ್ಯಾಬಿಗೆ ಬಂದು ಸುತ್ತ ನೋಡಿದರು. ಅವರ ಕ್ಯಾಬಿನ್ನಿಗೂ ಲ್ಯಾಬಿಗೂ ನಡುವೆ ಇರುವುದು ಒಂದು ಗಾಜಿನ ಗೋಡೆ. ಯಾರು ಯಾವಾಗ ಆಕಳಿಸುತ್ತಾರೆಂದು ನೋಡುವುದಕ್ಕೆ ಅವರೇ ಹಾಕಿಸಿದ್ದು.

"ಎಲ್ಲ ಚೆನ್ನಾಗಿದೆ. ಇದರಲ್ಲಿ ನಾನೆಲ್ಲಿ ಬರ್ತೀನಿ?" ಅಂತ ಕೇಳಿದರು.

ಶಿಲ್ಪಾ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

"ಸರ್, ಇದು ತಾನs ನಡೀತೈತ್ರಿ. ಯಾರೂ ನಡುವ ಬರೂ ಕಾರಣ ಇಲ್ರಿ."

"ಅದೇ ತಪ್ಪು ನೋಡಮ್ಮ. ಇಷ್ಟು ಮಿಷನ್‌ಗಳು ಒಟ್ಟಿಗೆ ಕೆಲಸ ಮಾಡ್ತಾವೆ, ಹೇಳೋರು ಕೇಳೋರು ಯಾರೂ ಇಲ್ಲ ಅಂದ್ರೆ ಹೆಂಗೆ? ಒಂದು ಸಾಲು ಮುಗೀತು, ಸರಿ. ಮುಂದಿನ ಸಾಲಿಗೆ ಹೋಗೋಕೆ ಓಕೆ ಕೊಟ್ಟೋರ್ಯಾರು?"

"ಯಾರ್ದೂ ಬೇಕಾಗೂದಿಲ್ರಿ ಸರ್. ರನ್‌ಟೈಮ್ ನೋಡ್ಕೋತೈತಿ."

"ಅದ್ಯಾವನು ರನ್‌ಟೈಮ್? ನಮ್ಮ ಕಾಲೇಜಲ್ಲಿ ನನಗಿಂತ ಮುಂಚೆ ಓಕೆ ಕೊಡೋನು?"

ಚನ್ನಕೇಶವರು ಮುಂದೆ ಬಂದು, "ಮಾಡ್ಸೋಣ ಸಾರ್, ಮಾಡ್ಸೋಣ" ಅಂದರು. ಅವರ ಮೂವತ್ತು ವರ್ಷದ ವೃತ್ತಿಜೀವನ ಆ ಒಂದು ಪದದ ಮೇಲೆ ನಿಂತಿತ್ತು.

ಹೀಗೆ ಡೈರೆಕ್ಟರ ಟೇಬಲ್ ಮೇಲಿದ್ದ, ಕಾಲೇಜಿನಲ್ಲೇ ಅತಿ ಹೊಸದಾದ ಕಂಪ್ಯೂಟರಿಗೆ ಒಂದು ಕಿಟಕಿ ಬಂತು. ಒಂದು ಸಾಲು ಮುಗಿದ ಕೂಡಲೇ ಅದರಲ್ಲಿ ಎರಡು ಬಟನ್ ಕಾಣಿಸುತ್ತವೆ. ಹಸಿರಿನದು ಓಕೆ, ಕೆಂಪಿನದು ಬೇಡ. ಓಕೆ ಬಿದ್ದರೆ ಮುಂದಿನ ಸಾಲು. ಮೊದಲ ದಿನ ಭೈರೇಶ್ ಅವರು ಹುರುಪಿನಿಂದ ಒತ್ತಿದರು. ಮಧ್ಯದಲ್ಲಿ ಫೋನ್ ಬಂತು, ಸುಂಕದಕಟ್ಟೆಯ ಸೈಟಿನ ವಿಷಯ. ಎದ್ದು ಹೋದರು. ಲ್ಯಾಬಿನ ಅಷ್ಟೂ ಯಂತ್ರಗಳು ಸಂಜೆಯವರೆಗೆ ಎಲೆ ಮುಂದೆ ಕೂತ ನೆಂಟರ ಹಾಗೆ ಸುಮ್ಮನೆ ಕೂತಿದ್ದವು. ಹಿಂದೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ನಕ್ಷೆ ಆ ವಾರ ವಿಜಯನಗರವನ್ನೂ ದಾಟಲಿಲ್ಲ.

ಶಿಲ್ಪಾ ಊಟ ಬಿಟ್ಟಳು. ನನಗೆ ಎಂಥ ಸಿಟ್ಟು ಬಂತೆಂದರೆ, ಮೋಟರಿನ ಡಬ್ಬಿಯನ್ನೇ ಎತ್ತಿ ಯಾರ ತಲೆಗಾದರೂ ಹಾಕೋಣ ಅನ್ನಿಸಿತು. ಆದರೆ ಮುಂದಿನ ಸೋಮವಾರ ನೋಡಿದರೆ ನೀಲಿ ಬಣ್ಣ ಸರಸರನೆ ಇಳಿದು ಬರುತ್ತಿದೆ. ಗಾಜಿನಾಚೆ ಡೈರೆಕ್ಟರು ಟಿಕ್ ಟಿಕ್ ಎಂದು ಒತ್ತುತ್ತಿದ್ದಾರೆ, ನಡುವೆ ಕಾಫಿ ಕುಡಿಯುತ್ತಾರೆ, ಪೇಪರ್ ಓದುತ್ತಾರೆ. ನಕ್ಷೆ ಮಾತ್ರ ನಿಲ್ಲುವುದಿಲ್ಲ.

"ಏನ್ ಮಾಡಿದೆ?" ಅಂದೆ.

ಅವಳು ಹತ್ತಿರ ಬಂದು ಪಿಸುಗುಟ್ಟಿದಳು. "ಬಟನ್ ಹಂಗs ಐತ್ರಿ. ಒತ್ತಿದ್ರ ಬಣ್ಣ ಬದಲಾಗ್ತೈತಿ, 'ಧನ್ಯವಾದ ಸರ್' ಅಂತ ಬರ್ತೈತಿ. ಆದ್ರ ಅದಕ್ಕೂ ಕೆಲಸಕ್ಕೂ ಸಂಬಂಧ ಇಲ್ರಿ. ಕಡದ ಹಾಕೀನಿ."

ನಾನು ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ. ಡೈರೆಕ್ಟರೂ ಖುಷಿಯಾಗಿದ್ದರು. "ನಾನು ಕೈ ಹಾಕಿದ ಮೇಲೆ ಸ್ಪೀಡ್ ಎಷ್ಟಾಯ್ತು ನೋಡಿ" ಅಂತ ಚನ್ನಕೇಶವರಿಗೆ ಹೇಳುತ್ತಿದ್ದರು. ಚನ್ನಕೇಶವರು ಹೌದು ಸಾರ್ ಅನ್ನುತ್ತಿದ್ದರು.

ಸಮಿತಿ ಬಂತು. ಮೂವರು. ಹಾರ, ಪೇಟ, ಹಣ್ಣಿನ ಬುಟ್ಟಿ, ಪ್ರಾರ್ಥನೆ ಎಲ್ಲ ಮುಗಿದು ಲ್ಯಾಬಿಗೆ ಬರುವಷ್ಟರಲ್ಲಿ ಅವರಿಗೂ ಸುಸ್ತು, ನಮಗೂ ಸುಸ್ತು. ಶಿಲ್ಪಾ ಒಗೆದು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ಮೊದಲು ನಾಲ್ಕು ಸಾಲಿನ ಪ್ರೋಗ್ರಾಂ ತೋರಿಸಿದಳು. ಆಮೇಲೆ ಶುರು ಮಾಡಿದಳು. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕಿನಲ್ಲಿ ನಕ್ಷೆ ಮೂಡತೊಡಗಿತು. ರಾಜಾಜಿನಗರ, ಅದರ ಕೆಳಗೆ ವಿಜಯನಗರ, ಮಾರೇನಹಳ್ಳಿಯ ತಗ್ಗಿನಲ್ಲಿ ನೀಲಿಯ ಒಂದು ಮಡು. ಸಮಿತಿಯಲ್ಲಿದ್ದ ದಪ್ಪ ಕನ್ನಡಕದ ಪ್ರೊಫೆಸರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವಳಿಗೆ ಒಂದಾದ ಮೇಲೊಂದು ಪ್ರಶ್ನೆ ಹಾಕಿದರು, ಅವಳು ಒಂದಕ್ಕೂ ತಡವರಿಸಲಿಲ್ಲ. ನನಗೆ ನನ್ನ ಮಗಳೇ ಹಾಡುತ್ತಿದ್ದಾಳೇನೋ ಅನ್ನುವಷ್ಟು ಹೆಮ್ಮೆಯಾಯಿತು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಡೈರೆಕ್ಟರಿಗೆ ತಡೆಯಲಾಗಲಿಲ್ಲ.

"ಸಾರ್, ಇದೆಲ್ಲ ಕಂಟ್ರೋಲ್ ಆಗೋದು ಅಲ್ಲಿಂದ," ಅಂತ ಗಾಜಿನಾಚೆ ಬೆರಳು ತೋರಿಸಿ, ದಪ್ಪ ಕನ್ನಡಕದವರನ್ನು ಕೈ ಹಿಡಿದು ಕರೆದುಕೊಂಡೇ ಹೋದರು. ನಡುವಿನ ಬಾಗಿಲು ತೆರೆದೇ ಇತ್ತು, ಮಾತೆಲ್ಲ ಕೇಳಿಸುತ್ತಿತ್ತು. ಟಿಕ್. ಟಿಕ್. ನಕ್ಷೆ ದೀಪಾಂಜಲಿ ನಗರಕ್ಕೆ ಬಂತು.

"ನೀವು ಬೇಡ ಅಂತ ಒತ್ತಿದ್ರೆ?" ಪ್ರೊಫೆಸರು ಕುತೂಹಲಕ್ಕೆ ಕೇಳಿದರು.

"ನಿಂತೋಗುತ್ತೆ ಸಾರ್. ಅಲ್ಲಿಗೇ ಫಿನಿಶ್. ನೋಡ್ತೀರಾ?"

ಭೈರೇಶ್ ಅವರು ಅಂಗಿಯ ತೋಳು ಸರಿಮಾಡಿಕೊಂಡು, ದೀಪ ಬೆಳಗಿಸಲು ಹೋದವರಂತೆ ಕೈ ಎತ್ತಿದರು. ಮುಂದೇನಾಗುತ್ತದೆಂದು ನನಗೆ ಗೊತ್ತಾಗಿಹೋಯಿತು. ಅವರು ಬೇಡ ಅಂತ ಒತ್ತುತ್ತಾರೆ, ನಕ್ಷೆ ತನ್ನ ಪಾಡಿಗೆ ತಾನು ಇಳಿಯುತ್ತದೆ, ಆ ಬಟನ್ನಿನ ಬಣ್ಣ ಎಲ್ಲರೆದುರು ಬಯಲಾಗುತ್ತದೆ. ಶಿಲ್ಪಾ ನಿಂತಿದ್ದ ಜಾಗದಲ್ಲಿ, ಅವಳ ಮೊಣಕಾಲಿನ ಮಟ್ಟದಲ್ಲಿ, ಎಲ್ಲ ಕಂಪ್ಯೂಟರುಗಳ ಕೇಬಲ್ಲುಗಳೂ ಬಂದು ಸೇರುವ ಒಂದು ಪೆಟ್ಟಿಗೆ ಇತ್ತು, ಅದಕ್ಕೊಂದು ಪ್ಲಗ್ಗು. ಅವಳು ನನ್ನ ಕಡೆ ನೋಡಿದಳು. ಈ ಸಲ ನಾನು ಫ್ಯಾನ್ ನೋಡಲಿಲ್ಲ.

ಡೈರೆಕ್ಟರ ಬೆರಳು ಬಿತ್ತು. ಶಿಲ್ಪಾ ಬಗ್ಗಿ ಪ್ಲಗ್ ಕಿತ್ತಳು.

ನಕ್ಷೆ ನಿಂತಿತು. ಮೇಲಿನ ಅರ್ಧದಲ್ಲಿ ನೀಲಿ, ಹಸಿರು, ಬೂದು. ಕೆಳಗೆ ಕೆಂಗೇರಿಯ ಕಡೆಯೆಲ್ಲ ಬೋಳು ಬಿಳಿ.

"ಬ್ರಿಲಿಯಂಟ್!" ಅಂದರು ಸಮಿತಿಯ ಇನ್ನೊಬ್ಬರು, ಊಟದ ಹೊತ್ತಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನಕೇಶವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ದಪ್ಪ ಕನ್ನಡಕದವರು ಮಾತ್ರ ಲ್ಯಾಬಿಗೆ ಬಂದು, ಶಿಲ್ಪಾಳನ್ನೂ ಆ ಪೆಟ್ಟಿಗೆಯನ್ನೂ ಒಂದು ಸಲ ನೋಡಿ ಊಟಕ್ಕೆ ಹೋದರು.

ಆ ಮಧ್ಯಾಹ್ನ ಅವಳು ಸ್ಟಾಫ್ ರೂಮಿನಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತಿದ್ದಳು. "ಎಲ್ಲೂ ನಿಲ್ಲಬಾರ್ದು ಅಂತ ಕಟ್ಟಿದ್ದು ಮೇಡಂ. ಒಂದು ಯಂತ್ರ ಸತ್ರೂ ಉಳದಾವು ನಡಸ್ಕೊಂಡು ಹೋಗ್ಬೇಕು, ಹಂಗ ಬರದಿದ್ದೆ. ಕಡೀಕ ನಿಲ್ಸಿದಾಕಿ ನಾನs." ನಾನು ಅವಳ ಬೆನ್ನು ಸವರಿದೆ. ಇನ್ನೇನು ಮಾಡಲಿ, ಪೇಟದ ಫೋಟೋ ಕೆಳಗೆ ಕೂತು?

ಸಂಶೋಧನಾ ಕೇಂದ್ರ ಬಂತು. ಸಮಿತಿಯ ವರದಿಯಲ್ಲಿ ಆಡಳಿತದ ಬಿಗಿ ಹಿಡಿತದ ಬಗ್ಗೆ ಎರಡು ಒಳ್ಳೆಯ ಮಾತಿತ್ತಂತೆ. ಕೇಂದ್ರದ ಮುಖ್ಯಸ್ಥರು ಭೈರೇಶ್. ಶಿಲ್ಪಾ ಖಾಯಂ ಆದಳು. ಅವಳ ಯಂತ್ರಗಳನ್ನು ಮಾತ್ರ ಅಡ್ಮಿಶನ್ ಸಮಯಕ್ಕೆ ಬೇಕೆಂದು ಬಿಡಿಸಿ, ಕೌಂಟರುಗಳಿಗೆ ಒಂದೊಂದಾಗಿ ಹೊತ್ತುಕೊಂಡು ಹೋದರು. ವಾಪಸು ಬಂದವು, ಆದರೆ ಜೋಡಿಸಲು ಅರ್ಜಿ ಹಾಕಿದರೆ ಓಕೆ ಬರಲಿಲ್ಲ. ಸಮಿತಿ ಬಂದು ಹೋಯಿತಲ್ಲ, ಇನ್ಯಾಕೆ?

ಆ ಅರ್ಧ ನಕ್ಷೆಗೆ ಡೈರೆಕ್ಟರು ಚಿನ್ನದ ಬಣ್ಣದ ಫ್ರೇಮು ಹಾಕಿಸಿ ರಿಸೆಪ್ಶನ್ನಿನಲ್ಲಿ ತೂಗುಹಾಕಿದರು. ಸೀಟು ಕೇಳಲು ಬಂದ ತಂದೆತಾಯಿಯರನ್ನು ಅದರ ಮುಂದೆ ನಿಲ್ಲಿಸಿ, ನೀಲಿ ಮುಗಿದು ಬಿಳಿ ಶುರುವಾಗುವ ಗೆರೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದರು: "ಇಲ್ಲಿಗೆ ನಾನೇ ನಿಲ್ಲಿಸಿದ್ದು."

ಮುಂದಿನ ವರ್ಷದ ಮಳೆಗಾಲ. ಒಂದು ಸಂಜೆ ಶುರುವಾದದ್ದು ಬೆಳಗಾದರೂ ಬಿಡಲಿಲ್ಲ. ನಾನು ಬಸ್ಸಿಳಿದು ಬಂದು ನೋಡಿದರೆ, ಹಳ್ಳ ತನ್ನ ಹಳೆಯ ಜಾಗ ಹುಡುಕಿಕೊಂಡು ವಾಪಸು ಬಂದಿತ್ತು. ನಮ್ಮ ವಿಭಾಗದ ನೆಲಮಾಳಿಗೆಯೆಲ್ಲ ತುಂಬಿ, ಲ್ಯಾಬಿನಲ್ಲಿ ಮೊಣಕಾಲುದ್ದ ಕಂದು ನೀರು. ಚಪ್ಪಲಿಗಳು, ರೆಕಾರ್ಡ್ ಪುಸ್ತಕಗಳು, ಯಾರದೋ ಟಿಫನ್ ಡಬ್ಬಿ ತೇಲುತ್ತಿದ್ದವು. ಭೈರೇಶ್ ಅವರು ಪ್ಯಾಂಟು ಮೇಲಕ್ಕೆ ಮಡಿಚಿ ಬಾಗಿಲಲ್ಲಿ ನಿಂತಿದ್ದರು.

"ಹೋಗಿ ಹೋಗಿ ನಮ್ಮ ಕಾಲೇಜಿಗೇ ಯಾಕ್ರೀ ಬಂತು?" ಅಂತ ಚನ್ನಕೇಶವರನ್ನು ಕೇಳಿದರು. ಚನ್ನಕೇಶವರಿಗೆ ಮಾಡ್ಸೋಣ ಸಾರ್ ಅನ್ನಲು ಬಾಯಿ ಬರಲಿಲ್ಲ.

ನೀರು ಇಳಿದು, ಕೆಸರು ಬಳಿದು, ಗೋಡೆ ಒಣಗಿದ ಮೇಲೆ ಒಂದು ಬೆಳಿಗ್ಗೆ ಶಿಲ್ಪಾ ಅರ್ಜಿ ಬರೆಯಲಿಲ್ಲ. ಮೇಜಿನ ಮೇಲಿದ್ದು ಬದುಕಿ ಉಳಿದ ಯಂತ್ರಗಳನ್ನು ತಾನೇ ಜೋಡಿಸಿದಳು. ವೈರು ಹಿಡಿಯಲು ನಾನೂ ಕೂತೆ. ಇದ್ದಷ್ಟರಲ್ಲೇ ಅವು ಕೆಲಸ ಹಂಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ನಕ್ಷೆ ದೀಪಾಂಜಲಿ ನಗರ ದಾಟಿತು, ಬಿಳಿ ಜಾಗಕ್ಕೆ ಇಳಿಯಿತು, ಕೆಂಗೇರಿಯ ಕಡೆ ಬಂತು. ನಮ್ಮ ಕಂಪ್ಯೂಟರ್ ವಿಭಾಗ ಇರುವ ಜಾಗದಲ್ಲಿ ಗಾಢ ನೀಲಿ ತುಂಬಿಕೊಂಡಿತು. ಹಿಂದೆಲ್ಲ ನಾವು ನೋಡುತ್ತಿದ್ದದ್ದು ನಕ್ಷೆ ಎಷ್ಟು ಬೇಗ ಇಳಿಯುತ್ತದೆಂದು, ನೀಲಿ ಎಲ್ಲಿ ನಿಲ್ಲುತ್ತದೆಂದಲ್ಲ. ಶಿಲ್ಪಾ ಕೆಳಗಿನ ಅರ್ಧವನ್ನು ಪ್ರಿಂಟ್ ತೆಗೆದು, ನನ್ನನ್ನೂ ಕರೆದುಕೊಂಡು ರಿಸೆಪ್ಶನ್ನಿಗೆ ಹೋಗಿ, ಚಿನ್ನದ ಫ್ರೇಮಿನ ಕೆಳಗೆ ಗೆರೆಗೆ ಗೆರೆ ಕೂಡಿಸಿ ಟೇಪು ಹಚ್ಚಿದಳು.

ಭೈರೇಶ್ ಅವರು ಬಂದು ನೋಡಿದರು. ನಕ್ಷೆಯಲ್ಲಿದ್ದ ಕಾಲೇಜಿನ ಹೆಸರನ್ನು ಓದಿದರು. ನೀಲಿಯನ್ನು ನೋಡಿದರು. ಮೇಲಿನ ಅರ್ಧ ನೋಡಿದರು. ಅವರಿಗೆ ಅರ್ಥವಾಯಿತು. ದಡ್ಡರೇನಲ್ಲ ಅವರು.

"ಇದನ್ನ ಅವತ್ತೇ ಯಾಕೆ ತೋರಿಸ್ಲಿಲ್ಲ?"

"ಅವತ್ತು ನೀವು ಬೇಡ ಅಂದ್ರಿ ಸರ್," ಅಂದಳು ಶಿಲ್ಪಾ.

"ಸರಿ. ಇವತ್ತಿಂದಕ್ಕೆ ನನ್ನ ಓಕೆ ಎಲ್ಲಿದೆ? ಯಾರನ್ನ ಕೇಳಿ ಇದನ್ನ ಓಡಿಸಿದ್ದು?"

ಶಿಲ್ಪಾ ಟೇಪಿನ ಸುರುಳಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದಳು.

"ನಿಮ್ಮ ಓಕೆ ಅವತ್ತೂ ಇರ್ಲಿಲ್ರಿ ಸರ್. ಆ ಬಟನ್‌ಗೂ ಲ್ಯಾಬಿಗೂ ಸಂಬಂಧs ಇಲ್ಲ. ಮೊದಲ್ನೇ ವಾರದಾಗ ಕಡದ ಹಾಕಿದ್ದೆ. ನೀವು ಓಕೆ ಒತ್ತಿದ್ರೂ ಅಷ್ಟs, ಬೇಡ ಒತ್ತಿದ್ರೂ ಅಷ್ಟs. ಅವತ್ತು ನಿಲ್ಸಿದ್ದು ನಾನ್ರೀ. ಪ್ಲಗ್ ಕಿತ್ತು."

ಸೀಟಿಗೆಂದು ಬಂದಿದ್ದ ಯಾರೋ ತಂದೆ ತಾಯಿ ಸೋಫಾದಲ್ಲಿ ಮೈ ಮುದುಡಿ ಕೂತಿದ್ದರು. ಈಗ ಡೈರೆಕ್ಟರು ಬೈಯುತ್ತಾರೆ, ಇವಳ ಕೆಲಸ ಹೋಯಿತು ಅಂದುಕೊಂಡು ನಾನೂ ಒಂದು ಹೆಜ್ಜೆ ಮುಂದಿಟ್ಟು ಅವಳ ಪಕ್ಕ ನಿಂತೆ. ಅವರು ನಮ್ಮಿಬ್ಬರನ್ನೂ ನೋಡಲಿಲ್ಲ. ತಿರುಗಿ ನೇರವಾಗಿ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾವು ಲ್ಯಾಬಿಗೆ ವಾಪಸು ಬಂದೆವು. ಯಂತ್ರಗಳು ಇನ್ನೊಂದು ಮಳೆಯ ಲೆಕ್ಕ ಹಾಕುತ್ತಿದ್ದವು. ಗಾಜಿನಾಚೆ ಡೈರೆಕ್ಟರು ಕಂಪ್ಯೂಟರ್ ಮುಂದೆ ಬಗ್ಗಿ ಕೂತಿದ್ದರು. ಒಂದು ಸಲ ಒತ್ತುವುದು, ತಲೆ ಎತ್ತಿ ನಮ್ಮ ಗೋಡೆಯ ಮೇಲಿನ ನಕ್ಷೆ ನೋಡುವುದು. ಇನ್ನೊಂದು ಸಲ ಒತ್ತುವುದು, ಮತ್ತೆ ನೋಡುವುದು. ಅವರ ಪರದೆಯಲ್ಲಿ ಕೆಂಪು ಬಟನ್ ಮಿನುಗುತ್ತಿತ್ತು, ಅದರ ಕೆಳಗೆ 'ಧನ್ಯವಾದ ಸರ್' ಅಂತ ಬರುತ್ತಿತ್ತು. ನಕ್ಷೆ ವಿಜಯನಗರ ದಾಟಿ ಕೆಳಗಿಳಿಯುತ್ತಿತ್ತು.